ಕೊರಳಿಗೆ ಕಟ್ಟಿದ ಶಾಲು

ಕುಡಿತ ಬಿಡಲೆಂದು ಹೊಳೆದಂಡೆಯ ಮಠಕ್ಕೆ ಬಂದವರು ಮನೆಗೆ ಮರಳಬೇಕಾದರೆ ಮಠದ ಸ್ವಾಮಿ ಅಜ್ಜಾರದು ಒಂದೇ ಪರೀಕ್ಷೆ. ಕ್ಷೌರದ ಕತ್ತಿಯಿಂದ ಜೊತೆಗಾರನ ಗಡ್ಡ ಬೋಳಿಸಬೇಕು, ಒಂದು ಹನಿ ರಕ್ತ ಬರಬಾರದು. ಕೈನಡುಕ ನಿಂತಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತಿತ್ತು.

ಕೊಟ್ರೇಶನ ಜೊತೆಗಾರ ಹಾಲೇಶ. ಮೊದಲ ವಾರ ಹಾಲೇಶನಿಗೆ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಕೊಟ್ರೇಶನೇ ಗಂಜಿ ಕುಡಿಸಿದ. ಕೊಟ್ರೇಶ ಹುಚ್ಚೆದ್ದು ಹೊಳೆಗೆ ಓಡಿದ ದಿನ ಹಾಲೇಶ ಅವನ ಸೊಂಟ ಹಿಡಿದು ಬಿಡಲೇ ಇಲ್ಲ. ಎರಡು ತಿಂಗಳಲ್ಲಿ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಹತ್ತಿರವಾದರು. ಪಕ್ಷ ಯಾವುದೆಂದು ಕೇಳಬಾರದೆನ್ನುವುದು ಮಠದ ಕಟ್ಟಳೆ. ಇಬ್ಬರೂ ಕೇಳಿರಲಿಲ್ಲ.

ಪರೀಕ್ಷೆಯ ಬೆಳಗ್ಗೆ ಹಾಲೇಶನ ಭಾವಮೈದುನ ಜೀಪಿನಲ್ಲಿ ಬಂದ.

"ಎಲೆಕ್ಷನ್ ಬಂತು, ಲಗೂನ ನಡಿ ಮಾವ," ಎಂದು ಅವನ ಕೊರಳಿಗೆ ಪಕ್ಷದ ಶಾಲು ಹಾಕಿದ.

ಕೊಟ್ರೇಶನ ಮೈಯೆಲ್ಲ ಉರಿದುಹೋಯಿತು. ಹದಿನೈದು ವರ್ಷ ಅವನು ಬಡಿದಾಡಿದ್ದು ಆ ಶಾಲಿನವರ ಜೊತೆಗೇ!

"ಅಜ್ಜಾರ, ಇವನ ಕತ್ತಿಗೆ ನಾ ಕುತ್ತಿಗಿ ಕೊಡಂಗಿಲ್ರಿ! ಎಲೆಕ್ಷನ್ ಬಂದಾಗೆಲ್ಲ ಸಾರಾಯಿ ಪ್ಯಾಕೆಟ್ ಹಂಚಿ ನಮ್ಮ ಓಣಿ ಹಾಳು ಮಾಡಿದ್ದು ಇವರ ಪಕ್ಷ!"

"ಮನಿಗೆ ಹೋಗೂದು ಬ್ಯಾಡೇನು?" ಎಂದರು ಅಜ್ಜಾರು.

ಅಜ್ಜಾರು ತಾವಾಗಿ ಕಳಿಸಿದರಷ್ಟೇ ಬಾಗಿಲು ತೆಗೆಯುತ್ತೇನೆ ಎಂದಿದ್ದಳು ಕೊಟ್ರೇಶನ ಹೆಂಡತಿ.

ಹಾಲೇಶ ತಲೆ ಎತ್ತದೆಯೇ ಹೇಳಿದ. "ನಿಮ್ಮವರೂ ಹಂಚಿದ್ರಲ್ಲೋ ಅಣ್ಣ. ನಾ ಎರಡೂ ಪಕ್ಷದ್ದು ಕುಡಿದೀನಿ. ರುಚಿ ಒಂದ ಇತ್ತು."

ಕೊಟ್ರೇಶ ಹಲ್ಲು ಕಡಿದ. ಹಂಚಿದವರಲ್ಲಿ ತಾನೂ ಒಬ್ಬ. ಚೀಲ ಕೊಟ್ಟು ಕಳಿಸಿದ ಆ ಹಾಳು ಮುಖಂಡರು ತಾವು ಮಾತ್ರ ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ಅವರ ಮಕ್ಕಳಂತೂ ಆ ಓಣಿಯನ್ನೇ ಕಂಡವರಲ್ಲ. ಅದು ನೆನಪಾಗಿ ಅವನ ಸಿಟ್ಟು ಇನ್ನಷ್ಟು ಏರಿತು.

ಅಜ್ಜಾರು ಎದ್ದರು. ಹಾಲೇಶನ ಕೊರಳಿನ ಶಾಲು ತೆಗೆದು, ಒಮ್ಮೆ ಕೊಡವಿ, ಕೊಟ್ರೇಶನ ಕೊರಳಿಗೆ ಕಟ್ಟಿದರು.

"ಅಜ್ಜಾರ!"

"ಕೂದಲಾ ಬೀಳಾಕ ಒಂದು ಅರಿವಿ ಬೇಕಿತ್ತು. ಕೂಡು."

ಕೊಟ್ರೇಶ ಧುಮುಗುಡುತ್ತಲೇ ಕೂತ. ಹಾಲೇಶನ ಕತ್ತಿ ಕೆನ್ನೆ ದಾಟಿ, ಗದ್ದದ ಕೆಳಗಿಳಿದು, ಗಂಟಲ ಮೇಲೆ ಹಾದುಹೋಯಿತು. ಎಲ್ಲೂ ರಕ್ತ ಬರಲಿಲ್ಲ.

ಕೊಟ್ರೇಶ ಮಠಕ್ಕೆ ಬಂದ ದಿನ ಕಳಚಿಟ್ಟಿದ್ದ ತನ್ನ ಪಕ್ಷದ ಶಾಲು ಒಳಗಿತ್ತು. ಅಜ್ಜಾರು ಅದನ್ನು ತಂದು ಹಾಲೇಶನ ಕೊರಳಿಗೆ ಕಟ್ಟಿದರು. ಹೊರಗೆ ಜೀಪು ಹಾರನ್ ಬಾರಿಸುತ್ತಲೇ ಇತ್ತು. ಹಾಲೇಶ ಕಣ್ಣು ಮುಚ್ಚಿ ಗದ್ದ ಎತ್ತಿ ಕೂತ.

ಕತ್ತಿ ಹಿಡಿದ ಕೊಟ್ರೇಶ ಅಲ್ಲೇ ನಿಂತುಬಿಟ್ಟ.

"ಅಜ್ಜಾರ, ನನ್ನ ಸಿಟ್ಟು ಇನ್ನೂ ಇಳಿದಿಲ್ರಿ."

"ಇಳಸು ಅಂತ ನಾ ಅಂದಿಲ್ಲ. ಕೈ ನಡುಗಬಾರದು, ಅಷ್ಟ."