ಕಹಳೆ ನಿಲ್ಲದ ಊರು

"ಮೂಳೆ ಕೂಡಿದ ಮೇಲೂ ನೋವು ಯಾಕೆ ಹೋಗುವುದಿಲ್ಲ, ಗುರುಗಳೇ?"

ಕೊಟ್ರಯ್ಯ ಕೇಳಿದ್ದು ಪ್ರಶ್ನೆಯ ಹಾಗಿರಲಿಲ್ಲ, ಜಗಳದ ಹಾಗಿತ್ತು. ಮಠದ ದಾಸೋಹದಲ್ಲಿ ಅನ್ನದ ಕೊಪ್ಪರಿಗೆ ಇಳಿಸುವಾಗ ಜಾರಿ ಬಿದ್ದು ಅವನ ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಅದಾಗಿ ಎರಡು ವರ್ಷ. ಮೂಳೆ ಎಂದೋ ಕೂಡಿತ್ತು, ನೋವು ಮಾತ್ರ ಕದಲಿರಲಿಲ್ಲ. ಆ ಬೆಳಿಗ್ಗೆ ಪೇಟೆಯ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆಗೆ ಈಗ ಏನೂ ಆಗಿಲ್ಲ, ಇದು ಒತ್ತಡದ ಹಾರ್ಮೋನಿನ ಕೆಲಸ ಎಂದು ಹೇಳಿ ಮುಂದಿನವರನ್ನು ಕರೆದಿದ್ದರು. ಮಠಕ್ಕೆ ಬಂದರೆ ಅಡುಗೆಮನೆಯವರು, "ಊಟದ ಗಂಟೆ ಹೊಡೆಯಲಿ, ಕೊಟ್ರಯ್ಯನ ಬೆನ್ನು ತಾನೇ ನೆಟ್ಟಗಾಗುತ್ತದೆ" ಎಂದು ನಕ್ಕರು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಕೈಗೆ ಸಿಕ್ಕ ಸೌಟನ್ನು ಗೋಡೆಗೆ ಬೀಸಿ ಒಗೆದು ನೇರ ಗುರುಗಳ ಕೋಣೆಗೆ ಬಂದಿದ್ದ.

"ನನ್ನ ನೋವು ಸುಳ್ಳು ಎನ್ನುವವರ ನಡುವೆ ನಾನು ಇರಲಾರೆ. ನೀವೂ ಹಾಗೇ ಅನ್ನುವುದಾದರೆ ಹೇಳಿಬಿಡಿ, ಇವತ್ತೇ ಮಠ ಬಿಡುತ್ತೇನೆ."

ಗುರುಗಳ ಮುಖವೂ ಕೆಂಪಾಯಿತು.

"ಸುಳ್ಳು ಅಂದವರ ಬೆನ್ನಿಗೆ ನಿನ್ನ ನೋವನ್ನು ಒಂದು ದಿನ ಕಟ್ಟಬೇಕು. ಡಾಕ್ಟರು ಹೇಳಿದ್ದು ನಿಜ. ಅರ್ಧ ಹೇಳಿ ನಿನ್ನನ್ನು ಹೊರಗೆ ಕಳಿಸಿದ್ದು ತಪ್ಪು. ಉಳಿದರ್ಧ ಕೇಳು" ಎಂದು ಅವರು ಕತೆ ಶುರುಮಾಡಿದರು.

ಒಂದು ಕೋಟೆಯ ಊರು. ಒಮ್ಮೆ ದರೋಡೆಕೋರರು ಗೋಡೆ ಒಡೆದು ನುಗ್ಗಿದರು. ಪಾಳೇಗಾರ ಕಹಳೆ ಊದಿಸಿದ. ಕಹಳೆ ಕೇಳಿದರೆ ಎಲ್ಲರೂ ಕೈಯ ಕೆಲಸ ಬಿಟ್ಟು ಈಟಿ ಹಿಡಿಯಬೇಕು, ಕಣಜ ತೆರೆದು ಕಾವಲಿನವರಿಗೆ ಉಣಿಸಬೇಕು. ಅದು ಅಲ್ಲಿಯ ಕಟ್ಟಳೆ. ಜನ ಹಾಗೆಯೇ ಮಾಡಿದರು. ದರೋಡೆಕೋರರು ಕಾಲಿಗೆ ಬುದ್ಧಿ ಹೇಳಿದರು. ಒಡೆದ ಗೋಡೆಯನ್ನೂ ಮತ್ತೆ ಕಟ್ಟಿದ್ದಾಯಿತು.

ಆದರೆ ಪಾಳೇಗಾರನ ಸಿಟ್ಟು ಇಳಿಯಲಿಲ್ಲ. ನನ್ನ ಊರಿಗೆ ನುಗ್ಗಿದರಲ್ಲ ಎಂದು ಹಲ್ಲು ಕಡಿಯುತ್ತ, ಕಹಳೆ ನಿಲ್ಲಿಸಬೇಡಿ ಎಂದ. ಕಹಳೆ ಮೊಳಗುತ್ತಲೇ ಇತ್ತು. ಹಿಡಿದ ಈಟಿಯನ್ನು ಯಾರೂ ಕೆಳಗಿಡಲಿಲ್ಲ. ಹೊಲಕ್ಕೆ ಹೋಗುವವರಿಲ್ಲದೆ ಕಣಜ ತಳ ಕಂಡಿತು. ನಿದ್ದೆಗೆಟ್ಟ ಕಾವಲಿನವರಿಗೆ ನೆರಳು ಅಲುಗಿದರೂ ಕಳ್ಳನೇ. ಸೌದೆ ಹೊತ್ತು ತಂದವನನ್ನು ಬಡಿದರು. ಮಗು ಅತ್ತರೆ ಆ ಮನೆಯ ಬಾಗಿಲು ಒದ್ದು ಮುರಿದರು.

ಒಂದು ದಿನ ಒಬ್ಬ ಕುಂಬಾರಗಿತ್ತಿ ಸೆರಗಿನ ತುಂಬ ಮಡಕೆಯ ಚೂರು ತಂದು ಪಾಳೇಗಾರನ ಮುಂದೆ ಸುರಿದಳು.

"ದರೋಡೆಕೋರರು ಬಂದಾಗ ನನ್ನ ಮನೆಯ ಒಂದು ಕುಡಿಕೆಯೂ ಒಡೆದಿರಲಿಲ್ಲ. ಈಗ ನೋಡು! ನಿಲ್ಲಿಸಯ್ಯ ಆ ಹಾಳು ಕಹಳೆಯನ್ನು."

ಪಾಳೇಗಾರ ಚೂರುಗಳನ್ನು ನೋಡಿದ. ಅವನ ಕಣ್ಣು ಕೆಂಪಾದವು.

"ಇಷ್ಟೆಲ್ಲ ಒಡೆದಿದೆ ಎಂದರೆ ಕಳ್ಳರು ಇನ್ನೂ ಊರೊಳಗೇ ಇದ್ದಾರೆ. ಇನ್ನೂ ಜೋರಾಗಿ ಊದಿರೋ!"

"ಒಡೆದವರು ನಿನ್ನ ಕಾವಲಿನವರೇ ಕಣಯ್ಯ!" ಎಂದು ಅವಳು ಗಂಟಲು ಹರಿಯುವ ಹಾಗೆ ಕೂಗಿದಳು. ಕಹಳೆಯ ಸದ್ದಿನಲ್ಲಿ ಅದು ಅವನಿಗೆ ಕೇಳಿಸಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅಪಾಯ ಬಂದಾಗ ದೇಹ ರಕ್ತಕ್ಕೆ ಬಿಡುವ ಹಾರ್ಮೋನೇ ಆ ಕಹಳೆ, ಕೊಟ್ರಯ್ಯ. ನೀನು ಬಿದ್ದ ದಿನ ಅದೇ ನಿನ್ನನ್ನು ಕಾಯಿತು. ಆಮೇಲೆ ನಿಲ್ಲಲಿಲ್ಲ. ನಿದ್ದೆ ತಿಂದಿತು, ಬೆನ್ನಿನ ನರಗಳನ್ನು ಎಬ್ಬಿಸಿಯೇ ಇಟ್ಟಿತು. ಮುಟ್ಟಿದರೂ ನೋವು, ನೋವಾದರೆ ಹೆದರಿಕೆ, ಸಿಟ್ಟು. ಸಿಟ್ಟು ಬಂದರೆ ಕಹಳೆ ಮತ್ತೆ ಮೊಳಗುತ್ತದೆ. ಕಳ್ಳರಿಲ್ಲದಿದ್ದರೂ ಕುಂಬಾರಗಿತ್ತಿಯ ಮಡಕೆಗಳು ಒಡೆದದ್ದು ಸುಳ್ಳಲ್ಲ. ನಿನ್ನ ನೋವೂ ಸುಳ್ಳಲ್ಲ."

ಎರಡು ವರ್ಷದಲ್ಲಿ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಕೊಟ್ರಯ್ಯನ ಕಣ್ಣು ತುಂಬಿದವು. ಆದರೆ ಅಡುಗೆಮನೆಯ ಕಡೆಯಿಂದ ಯಾರದೋ ನಗು ಕೇಳಿದ್ದೇ ತಡ, ನೀರು ಅಲ್ಲೇ ಆರಿಹೋಯಿತು, ಮುಷ್ಟಿ ಬಿಗಿಯಿತು.

"ಹಾಗಾದರೆ ಅವರು ನಗುತ್ತಲೇ ಇರಲಿ, ನಾನು ತಲೆ ತಗ್ಗಿಸಿಕೊಂಡು ಸುಮ್ಮನಿರಬೇಕೇ? ಆ ಕಹಳೆ ನಿಲ್ಲುವುದು ಹೇಗೆ, ಅದನ್ನು ಹೇಳಿ!"

ಗುರುಗಳು ಎದ್ದು ಮೇಲುವಸ್ತ್ರ ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಕಡೆ ಹೊರಟರು. ಬಾಗಿಲಲ್ಲಿ ತಿರುಗಿ ಅವನ ಕೈಯನ್ನು ನೋಡಿ ಹೇಳಿದರು:

"ನಗುವವರನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಆ ಮುಷ್ಟಿ ಬಿಚ್ಚು."