ಮಧ್ಯಾಹ್ನದ ಇಬ್ಬನಿ

ಕಪಿಲೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಜಪ ಕಡಿಮೆ, ನೋಡುವುದು ಜಾಸ್ತಿ. ಗುರುಗಳಾದ ಹೊನ್ನಯ್ಯನವರು ಜೀವಮಾನವೆಲ್ಲ ಹುಳುಗಳ ಫೋಟೊ ತೆಗೆದವರು.

ಈಗ ಅವರ ಕಣ್ಣು ದಿನೇದಿನೇ ಮಂಜಾಗುತ್ತಿತ್ತು. ಡಾಕ್ಟರು ಕೈಚೆಲ್ಲಿದ್ದರು. ಗುರುಗಳು ಸಣ್ಣದನ್ನು ದೊಡ್ಡದಾಗಿ ಹಿಡಿಯುವ ತಮ್ಮ ಮ್ಯಾಕ್ರೋ ಲೆನ್ಸನ್ನು ಶಿಷ್ಯೆ ತಾರಿಣಿಯ ಕೈಗೆ ಕೊಟ್ಟು, "ಇನ್ನು ನೀನು ನೋಡಿ ಹೇಳು, ನಾನು ಕೇಳ್ತೀನಿ" ಎಂದಿದ್ದರು.

ತಾರಿಣಿಗೆ ಅದು ಸಾಲದು. ಕಣ್ಣು ಪೂರ್ತಿ ಹೋಗುವ ಮೊದಲು ನೀಲಿ ಪಟ್ಟಿಯ ಜೇನಿನ ಮುಖವನ್ನು ಗುರುಗಳಿಗೆ ಒಮ್ಮೆ ದೊಡ್ಡದಾಗಿ ತೋರಿಸಬೇಕು ಅನ್ನುವುದು ಅವಳ ಹಟ. ಆ ಹುಳುವೆಂದರೆ ಅವರಿಗೆ ಪ್ರಾಣ.

ಆದರೆ ಆ ಜೇನು ತುಳಸಿ ಹೂವಿನ ಮೇಲೆ ಒಂದು ಗಳಿಗೆ ನಿಲ್ಲದು. ಅಷ್ಟು ಹತ್ತಿರದಿಂದ ತೆಗೆಯುವಾಗ ನಾವು ಉಸಿರು ಬಿಟ್ಟರೂ ಸಾಕು, ಚಿತ್ರ ಮಸುಕಾಗುತ್ತದೆ. ಇನ್ನು ಹುಳುವೇ ಕುಣಿಯುತ್ತಿದ್ದರೆ ಕೇಳಬೇಕೆ?

"ಗುರುಗಳೇ, ಇದು ಒಂದು ಕಡೆ ಕೂರಲ್ವಲ್ಲ. ರಾತ್ರಿಯಾದ್ರೂ ಮಲಗತ್ತಾ?"

"ಮಲಗತ್ತೆ."

"ಎಲ್ಲಿ?"

"ಅದು ಅದರ ಮನೆ ವಿಷಯ. ಈಗಲೇ ನಿನಗ್ಯಾಕೆ?"

ತಾರಿಣಿ ಮುಖ ಊದಿಸಿಕೊಂಡು ಹೋದಳು.

ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಓಡಿಬಂದಳು. "ಗುರುಗಳೇ, ಸಿಕ್ಕಿತು!"

ಗುರುಗಳು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಪರದೆಯ ತುಂಬ ಜೇನಿನ ಮುಖ. ಹಸಿರು ಕಣ್ಣು, ಎರಡು ಮೀಸೆ, ಹಣೆಯ ಮೇಲಿನ ಒಂದೊಂದು ಕೂದಲೂ ಬೇರೆಬೇರೆ. ಗುರುಗಳ ಮುಖ ಅರಳಿತು.

ಬಹಳ ಹೊತ್ತು ನೋಡಿ ಗುರುಗಳು ಕೇಳಿದರು:

"ಯಾವಾಗ ತೆಗೆದೆ?"

"ಈಗಷ್ಟೇ."

"ಈ ಉರಿಬಿಸಿಲಲ್ಲಿ ಕೂದಲ ಮೇಲೆ ಇಬ್ಬನಿ ಎಲ್ಲಿಂದ ಬಂತಮ್ಮ?"

ತಾರಿಣಿ ತಲೆ ತಗ್ಗಿಸಿದಳು.

"ಡಬ್ಬಿಯಲ್ಲಿ ಹಿಡಿದು ಫ್ರಿಜ್ಜಿನಲ್ಲಿಟ್ಟಿದ್ದೆ. ತಣ್ಣಗಾದರೆ ಅಲ್ಲಾಡಲ್ಲ. ಎಷ್ಟೋ ಜನ ಹಾಗೇ ತೆಗೀತಾರೆ."

"ಈಗೆಲ್ಲಿದೆ?"

"ಮತ್ತೆ ಅಲ್ಲೇ. ಇನ್ನೊಂದೆರಡು ಫೋಟೊ ಬೇಕಿತ್ತು."

"ತಗೊಂಡು ಬಾ."

ಮಜ್ಜಿಗೆ ಪಾತ್ರೆಯ ಪಕ್ಕದಲ್ಲಿದ್ದ ಡಬ್ಬಿ ತಂದು ಮುಚ್ಚಳ ತೆಗೆದಳು. ಜೇನು ಅಂಗಾತ ಬಿದ್ದಿತ್ತು. ಕಾಲು ಮುದುಡಿತ್ತು.

"ಸತ್ತುಹೋಯ್ತಾ ಗುರುಗಳೇ?"

"ಕೈ ಚಾಚು."

ಗುರುಗಳು ತಡವರಿಸುತ್ತ ಡಬ್ಬಿಯನ್ನು ಅವಳ ಅಂಗೈಗೆ ಬಗ್ಗಿಸಿದರು. ಅವಳನ್ನು ಹೊಳೆಯ ಮೆಟ್ಟಿಲ ಮೇಲೆ ಬಿಸಿಲಿಗೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು.

"ಕಚ್ಚಿದರೆ?"

"ಕಚ್ಚಿದರೆ ಬದುಕಿದೆ ಅಂತ ಲೆಕ್ಕ."

ಊಟದ ಗಂಟೆ ಹೊಡೆಯಿತು. ಇಬ್ಬರೂ ಏಳಲಿಲ್ಲ. ತಾರಿಣಿಯ ನೆತ್ತಿ ಸುಡುತ್ತಿತ್ತು, ತೋಳು ಸೋಲುತ್ತಿತ್ತು. ಕ್ಯಾಮೆರಾ ಹಿಡಿದಾಗಲೂ ಅವಳು ಅಷ್ಟು ಅಲುಗಾಡದೆ ಕೂತವಳಲ್ಲ.

"ನಿಮಗೆ ತೋರಿಸಬೇಕು ಅಂತಲೇ ಮಾಡಿದೆ ಗುರುಗಳೇ."

"ಗೊತ್ತಮ್ಮ."

"ಬೈದುಬಿಡಿ ನನ್ನ."

"ನಿನ್ನ ನೆರಳು ಅದರ ಮೇಲೆ ಬೀಳ್ತಿದೆ ಅನ್ಸತ್ತೆ. ತಲೆ ಪಕ್ಕಕ್ಕೆ ತಗೋ."

ಅವಳು ತಲೆ ಸರಿಸಿದಳು. ಅಂಗೈಗೆ ಬಿಸಿಲು ಬಿತ್ತು. ಕಣ್ಣೀರು ಒರೆಸಿಕೊಳ್ಳಲು ಇನ್ನೊಂದು ಕೈಯನ್ನೂ ಎತ್ತಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಒಂದು ಕಾಲು ಮಿಸುಕಿತು. ಆಮೇಲೆ ಮೀಸೆ. ಜೇನು ಮಗುಚಿಕೊಂಡು ನಿಂತು, ಹಾರದೆ ನಿಂತಲ್ಲೇ ಮೈಯೆಲ್ಲ ನಡುಗಿಸತೊಡಗಿತು. ಸಣ್ಣಗೆ ಝೇಂಕಾರ ಎದ್ದಿತು.

"ಗುರುಗಳೇ, ಚಳಿಗೆ ನಡುಗ್ತಿದೆ."

"ಅಲ್ಲ. ಹಾರೋಕೆ ಮೈ ಕಾಯಿಸ್ಕೊಳ್ತಿದೆ."

ಗುರುಗಳು ಬಗ್ಗಿ ಅವಳ ಅಂಗೈಗೆ ಕಿವಿಯಿಟ್ಟರು. ಕಣ್ಣು ಮುಚ್ಚಿಕೊಂಡು ಕೇಳಿದರು. ಸದ್ದು ಏರುತ್ತಾ ಹೋಗಿ ತಟ್ಟನೆ ಕೈಬಿಟ್ಟು ಹೋಯಿತು. ಜೇನು ತುಳಸಿಯತ್ತ ಹಾರಿತ್ತು.

ತಾರಿಣಿ ಲ್ಯಾಪ್‌ಟಾಪ್ ತೆಗೆದು ಆ ಚಿತ್ರವನ್ನು ಅಳಿಸಿದಳು. ಯಾರೂ ಹೇಳಿರಲಿಲ್ಲ. ಅಳಿಸಿದ ಮೇಲೆ ಅವಳಿಗೆ ಹಗುರವೂ ಆಯಿತು, ಸಂಕಟವೂ ಆಯಿತು.

"ಈಗ ನಿಮಗೆ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ."

ಗುರುಗಳು ಅವಳ ಭುಜ ಹಿಡಿದು ಮೇಲೆದ್ದರು.

"ನಾಳೆ ಬೆಳಕು ಹರಿಯೋ ಮೊದಲು ಕ್ಯಾಮೆರಾ ತಗೊಂಡು ಬಾ. ಬಿಸಿಲು ಬೀಳೋವರೆಗೂ ಆ ಜೇನು ಕದಲಲ್ಲ. ಅದು ರಾತ್ರಿಯೆಲ್ಲ ಕಚ್ಚಿಕೊಂಡು ಮಲಗೋ ಕಡ್ಡಿ ಯಾವುದು ಅಂತ ತೋರಿಸ್ತೀನಿ."