ಬೆಟ್ಟಾ ಮೀನು ಗಡ್ಡ ಬಿಚ್ಚಿದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ನೆತ್ತಿ ಇನ್ನೂ ಮೆತ್ತಗಿತ್ತು, ನದಿಗಳಿಗೆ ಹರಿಯುವ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆಗ ಗಾಳಿಗೂ ಮಾತು ಬರುತ್ತಿತ್ತು, ಕಪ್ಪೆಗೂ ಮಾತು ಬರುತ್ತಿತ್ತು, ಮೀನಿಗೂ ಮಾತು ಬರುತ್ತಿತ್ತು.

ಮೀನುಗಳಲ್ಲೆಲ್ಲ ಮಾತು ಜಾಸ್ತಿ ಕೆಂಚನಿಗೆ. ಈಗ ನಾವು ಬೆಟ್ಟಾ ಅನ್ನುತ್ತೇವಲ್ಲ, ಆ ಮೀನುಗಳ ಮೂಲಪುರುಷ ಈ ಕೆಂಚ. ಬೆರಳುದ್ದದ ಮೈ, ಸೀರೆಯ ಸೆರಗಿನಂಥ ಕೆಂಪು ಬಾಲ. ಗದ್ದೆಬದಿಯ ಗುಂಡಿಯಲ್ಲಿ ಅವನ ವಾಸ. ಎದ್ದರೆ ಹರಟೆ, ಮಲಗಿದರೂ ಹರಟೆ. ಕಪ್ಪೆಯೇ ಬೇಸತ್ತು ದೂರ ಹೋಗಿ ಕೂರುತ್ತಿತ್ತು ಅಂದರೆ ನೀವೇ ನೋಡಿ.

ಒಂದು ಬೇಸಿಗೆಯಲ್ಲಿ ಗುಂಡಿ ಬತ್ತತೊಡಗಿತು. ಪಕ್ಕದ ಗುಡಿಸಲಿನಲ್ಲಿ ಹೊನ್ನಿ ಎಂಬ ಹುಡುಗಿ ತನ್ನ ಅಜ್ಜಿ ಸಾಕವ್ವನ ಜೊತೆಗಿದ್ದಳು. ಅವಳು ಕೆಂಚನನ್ನೂ ಅವನ ಹೆಂಡತಿಯನ್ನೂ ಬೊಗಸೆಯಲ್ಲಿ ಎತ್ತಿಕೊಂಡು ಮನೆಗೆ ಓಡಿದಳು.

"ಅಜ್ಜಿ, ಅಜ್ಜಿ, ಇವಕ್ಕೊಂದು ಮನೆ ಮಾಡ್ಕೊಡು!"

ಸಾಕವ್ವನಿಗೆ ಅಚ್ಚುಕಟ್ಟು ಅಂದರೆ ಪ್ರಾಣ. ಎರಡು ಮೀನುಗಳನ್ನೂ ಅವತ್ತಿಗೆ ಗುಂಡಿಯ ನೀರಿನ ಜೊತೆಯೇ ಕುಡಿಕೆಯಲ್ಲಿಟ್ಟಳು. ಅಗಲ ಬಾಯಿಯ ಒಂದು ಮಣ್ಣಿನ ಬಾನಿ ತೊಳೆದಳು. ಏಳು ಸಲ ತೊಳೆದ ಮರಳನ್ನು ತಳಕ್ಕೆ ಹಾಸಿದಳು. ಒಂದು ಹಿಡಿ ನೀರುಗಿಡ ನೆಟ್ಟಳು.

"ಬಾವಿ ನೀರ ಹಂಗೇ ಬಿಡಬ್ಯಾಡ ಕಣೇ. ಒಂದು ದಿನ ನೆರಳಲ್ಲಿ ಸುಮ್ನೆ ನಿಲ್ಲಲಿ, ನೀರಿಗೂ ದಣಿವಾರಬೇಕು. ಬಾಯಿಮಟ್ಟ ತುಂಬಬ್ಯಾಡ, ಮೀನು ಹಾರ್ಕೊಂಡಾತು."

ಮಾರನೆಯ ದಿನ ಕೆಂಚ ಹೆಂಡತಿಯೊಡನೆ ಹೊಸ ಮನೆಗೆ ಬಂದ. ಬಂದವನೇ ಮೇಲೆ ಹೋಗಿ ಒಂದು ಗುಟುಕು ಗಾಳಿ ತಂದ, ಎಂಜಲು ಸವರಿ ಗುಳ್ಳೆ ಬಿಟ್ಟ. ಇನ್ನೊಂದು ಗುಟುಕು, ಇನ್ನೊಂದು ಗುಳ್ಳೆ. ಸಂಜೆಯ ಹೊತ್ತಿಗೆ ಬಾನಿಯ ಅಂಚಿನಲ್ಲಿ ಅಂಗೈಯಗಲ ನೊರೆ ಕಟ್ಟಿತ್ತು. ಅದೇ ತೊಟ್ಟಿಲು. ಹೆಂಡತಿ ಮೊಟ್ಟೆ ಇಟ್ಟಳು, ಕೆಂಚ ಒಂದೊಂದನ್ನೇ ಬಾಯಲ್ಲಿ ಹಿಡಿದು ನೊರೆಯೊಳಗೆ ಮಲಗಿಸಿದ. ಹೆಂಡತಿ ಹಸಿವು ಅಂತ ಎರಡು ಮೊಟ್ಟೆಯನ್ನು ತಾನೇ ನುಂಗಿದಳು! ಕೆಂಚ ಅವಳಿಗೆ ಬಾಯಿಗೆ ಬಂದ ಹಾಗೆ ಬಯ್ದು ಗಿಡದ ಹಿಂದಕ್ಕೆ ಅಟ್ಟಿದ.

ಆಮೇಲೆ ಅವನ ಎದೆಯಲ್ಲಿ ನೆಮ್ಮದಿ ಉಳಿಯಲಿಲ್ಲ. ನೊರೆ ಒಡೆದರೆ? ಮೊಟ್ಟೆ ಜಾರಿದರೆ? ಮರಳಿನ ಸಂದಿಗೆ ಬಿದ್ದು ಉಸಿರುಕಟ್ಟಿದರೆ? ಒಂದು ಜಾರಿತು, ಹಿಡಿದ, ಮೇಲಿಟ್ಟ. ಇನ್ನೊಂದು ಜಾರಿತು, ಹಿಡಿದ, ಮೇಲಿಟ್ಟ.

ಬೆಳಗಾಯಿತು. ಸಾಕವ್ವ ಒಲೆಯ ಮೇಲೆ ಬೇಳೆ ಇಟ್ಟಿದ್ದಳು. ಬೇಳೆಯ ನೊರೆ ತೆಗೆದೆಸೆದ ಸೌಟನ್ನು ತೊಳೆದುಕೊಂಡು, ಕೈಯಲ್ಲಿ ಹಿಡಿದೇ ಬಾನಿಯ ಹತ್ತಿರ ಬಂದಳು.

"ಅಯ್ಯೋ ಶಿವನೇ, ಒಂದೇ ದಿನಕ್ಕೆ ಎಷ್ಟು ನೊರೆ! ಹಿಂಗೇ ಬಿಟ್ರೆ ನೀರು ಕೆಟ್ಟೋಯ್ತದೆ."

ಕೆಂಚ ಏನಾದರೂ ಹೇಳುವುದರೊಳಗೆ ಒಂದು ಸೌಟು ಎತ್ತಿ ಅಂಗಳಕ್ಕೆ ಎಸೆದಳು. ಅಷ್ಟರಲ್ಲಿ ಬೇಳೆ ಉಕ್ಕಿತು, ಒಳಗೆ ಓಡಿದಳು.

ಅರ್ಧ ತೊಟ್ಟಿಲು ಹೋಯಿತು. ಉಳಿದರ್ಧ ಅಲ್ಲಾಡಿ, ಮೊಟ್ಟೆಗಳು ಹನಿಯ ಹಾಗೆ ಉದುರಿದವು. ಕೆಂಚ ಅತ್ತ ಓಡಿದ, ಇತ್ತ ಓಡಿದ. ಒಂದು ಹಿಡಿದ, ಎರಡು ಹಿಡಿದ, ಬಾಯಿ ತುಂಬುವಷ್ಟು ಹಿಡಿದ. ಮೇಲಿಡೋಣವೆಂದರೆ ನೊರೆ ಒಡೆಯುತ್ತಲೇ ಇತ್ತು. ಅಜ್ಜಿ ಮತ್ತೆ ಬಂದರೆ ಏನು ಗತಿ? ಕೆಂಚನಿಗೆ ಭಯವಾಯಿತು. ಹುಟ್ಟಿದ ಮೇಲೆ ಅಷ್ಟು ಭಯ ಅವನಿಗೆ ಆಗಿರಲಿಲ್ಲ.

ಕಪ್ಪೆ ಬಾನಿಯ ಅಂಚಿಗೆ ನೆಗೆದು ಕೂತಿತು. "ಏನೋ ಕೆಂಚ, ಯಾಕೋ ಹಿಂಗಾಡ್ತೀಯಾ?"

ಕೆಂಚ ಕಣ್ಣು ಬಿಟ್ಟು ನೋಡಿದ. ಅಜ್ಜಿಗೆ ಹೇಳು, ಅಜ್ಜಿಗೆ ಹೇಳು ಎಂದು ಬಾಲ ಬಡಿದ.

"ದಿನಾ ತಲೆ ತಿಂತಿದ್ದೋನು ಇವತ್ತು ಮೌನವ್ರತವಾ? ಮಾತಾಡಿದ್ರೆ ಬಾಯಿಂದ ಮುತ್ತು ಉದುರ್ತಾವಾ?"

ಉದುರುತ್ತಿದ್ದವು, ನಿಜವಾಗಿಯೂ! ಕಪ್ಪೆಗೆ ಏನು ಗೊತ್ತು?

ಗಾಳಿ ಕಿಟಕಿಯಿಂದ ಇಳಿದು ಬಂತು. "ಏನಾರ ಹೇಳಪ್ಪ, ಅಜ್ಜಿ ಕಿವಿಗೆ ಮುಟ್ಟಿಸ್ತೀನಿ. ಒಂದೇ ಒಂದು ಮಾತು."

ಒಂದೇ ಒಂದು ಮಾತು. ಬಾಯಿ ಬಿಟ್ಟರೆ ಮಾತೂ ಹೊರಗೆ, ಮಕ್ಕಳೂ ಹೊರಗೆ. ಕೆಂಚ ತುಟಿ ಬಿಗಿದ. ಗಾಳಿ ಸ್ವಲ್ಪ ಹೊತ್ತು ಕಾದು, ಬೇರೆ ಕೆಲಸವಿದೆ ಎಂದು ಹೊರಟುಹೋಯಿತು.

ಹೆಜ್ಜೆ ಸದ್ದಾಯಿತು. ಸಾಕವ್ವ ಬಂದಳು. "ಇನ್ನೂ ಒಂಚೂರು ಉಳ್ಕೊಂಡೈತೆ," ಎನ್ನುತ್ತ ಸೌಟು ಇಳಿಸಿದಳು.

ಕೂಗಬೇಕು. ಆದರೆ ಬಾಯಿ ತೆರೆಯುವಂತಿಲ್ಲ. ಹೊರಗೆ ಬರಲಾಗದ ಆ ಕೂಗು ಕೆಂಚನ ಗಂಟಲಲ್ಲಿ ಉಬ್ಬಿತು, ಕೆನ್ನೆಯಲ್ಲಿ ಉಬ್ಬಿತು, ಕೊನೆಗೆ ಕಿವಿರುಗಳನ್ನೇ ತಳ್ಳಿಕೊಂಡು ಹೊರಬಂತು. ಕಿವಿರು ಎರಡೂ ಬಾಗಿಲಿನ ಹಾಗೆ ತೆರೆದುಕೊಂಡವು. ಗದ್ದದ ಕೆಳಗೆ ಕಪ್ಪು ಗಡ್ಡ ಬಿಚ್ಚಿಕೊಂಡಿತು. ರೆಕ್ಕೆ, ಬಾಲ ಎಲ್ಲ ಹರಡಿ, ಬೆರಳುದ್ದದ ಮೀನು ಸೌಟಿಗೆ ಎದುರಾಗಿ ನಿಂತ.

ಸೌಟು ಅರ್ಧ ನೊರೆ ತುಂಬಿಕೊಂಡು ಅಲ್ಲೇ ನಿಂತಿತು.

"ಹೊನ್ನೀ! ನಿನ್ನ ಮೀನಿಗೆ ಹುಚ್ಚು ಹಿಡಿದೈತೆ ಕಣೇ! ತಗೊಂಡೋಗಿ ಗುಂಡಿಗೆ ಬಿಟ್ಬಾ."

"ಗುಂಡಿ ಪೂರ್ತಿ ಒಣಗೋಗೈತಲ್ಲಜ್ಜಿ," ಎಂದು ಹೊನ್ನಿ ಓಡಿಬಂದಳು. ಸೌಟಿನ ಮೇಲೆ ಬಗ್ಗಿದಳು. ಮೂಗು ನೊರೆಗೆ ತಾಗುವಷ್ಟು ಬಗ್ಗಿದಳು.

"ಅಜ್ಜಿ... ಇದು ಕೊಳೆ ಅಲ್ಲ. ಗಸಗಸೆ ಥರ ಏನೋ ಐತೆ ನೋಡು. ಒಂದೊಂದರಲ್ಲೂ ಒಂದೊಂದು ಚುಕ್ಕಿ."

ಸಾಕವ್ವ ನೋಡಿದಳು. ನೀರಿನಲ್ಲಿ ಬಾಯಿ ಬಿಗಿದು ನಿಂತವನನ್ನು ನೋಡಿದಳು, ಅವನ ಊದಿದ ಕೆನ್ನೆ ನೋಡಿದಳು. ಆಮೇಲೆ ಅಂಗಳದ ಕಡೆ ತಿರುಗಿದಳು. ಅಲ್ಲಿ ಎಸೆದ ನೊರೆ ಬಿಸಿಲಿಗೆ ಆಗಲೇ ಒಣಗಿತ್ತು.

"ನನ್ನ ಕೈ ಸೇದೋಗ," ಎಂದಳು ಮೆಲ್ಲಗೆ. "ಎಂಥ ಕೆಲಸ ಮಾಡ್ಬಿಟ್ಟೆ ನನ್ನಪ್ಪಾ."

ಎರಡೂ ಕೈಯಲ್ಲಿ ಸೌಟು ಹಿಡಿದುಕೊಂಡು, ಅದರಲ್ಲಿದ್ದ ನೊರೆಯನ್ನು ನೀರಿಗೆ ಇಳಿಸಿದಳು. ಅದರ ಮೇಲೆ ಒಂದು ಒಣ ಬಾದಾಮಿ ಎಲೆ ತೇಲಿಬಿಟ್ಟಳು, ಸೂರಿನ ಹಾಗೆ. ಕೆಂಚ ಬಾಯಲ್ಲಿದ್ದ ಮೊಟ್ಟೆಗಳನ್ನು ಒಂದೊಂದಾಗಿ ಅದರ ಕೆಳಗಿನ ನೊರೆಯಲ್ಲಿ ಮಲಗಿಸಿದ.

ಮೂರು ದಿನ ಕೆಂಚ ಏನನ್ನೂ ತಿನ್ನಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. ಒಂದು ಜಾರಿತು, ಹಿಡಿದ, ಮೇಲಿಟ್ಟ. ಮೂರನೆಯ ದಿನ ಎಲೆಯ ಕೆಳಗೆ ಸೂಜಿಮೊನೆಯಂಥ ಬಾಲಗಳು ಇಳಿಬಿದ್ದು ಅಲ್ಲಾಡಿದವು. ಮಕ್ಕಳು! ಕಪ್ಪೆಗೆ ಹೇಳಬೇಕೆಂದು ಕೆಂಚ ಸಂತೋಷದಿಂದ ಬಾಯಿ ತೆರೆದ.

ಮಾತು ಬರಲಿಲ್ಲ. ಒಂದು ಗುಳ್ಳೆ ಬಂತು.

ಮತ್ತೆ ತೆರೆದ. ಮತ್ತೊಂದು ಗುಳ್ಳೆ. ಅಷ್ಟು ದಿನ ಒಳಗೇ ಅದುಮಿಟ್ಟ ಮಾತು ಹಾಗೇ ಕರಗಿಹೋಗಿತ್ತು. ಕೆಂಚ ಅದಕ್ಕಾಗಿ ಅಳಲಿಲ್ಲ, ಮಕ್ಕಳಿದ್ದವಲ್ಲ. ಆದರೆ ಸೌಟಿನ ಭಯ ಮಾತ್ರ ಹೋಗಲೇ ಇಲ್ಲ. ಅದು ಮಕ್ಕಳಿಗೆ ಬಂತು, ಮಕ್ಕಳ ಮಕ್ಕಳಿಗೂ ಬಂತು.

ಅದಕ್ಕೇ ಇವತ್ತಿಗೂ ನಿಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಬೆಟ್ಟಾ ಮೀನು ಒಂಟಿಯಾಗಿದ್ದರೂ ಮೂಲೆಯಲ್ಲಿ ನೊರೆ ಕಟ್ಟುತ್ತದೆ, ನೀವು ಬೆರಳು ತಂದರೆ ಕಿವಿರು ತೆರೆದು ಗಡ್ಡ ಬಿಚ್ಚುತ್ತದೆ. ಜನ ಅದನ್ನು ಜಗಳಗಂಟ ಮೀನು ಅನ್ನುತ್ತಾರೆ. ನೀವು ಬೆರಳು ಹಿಂದಕ್ಕೆ ತೆಗೆದುಕೊಂಡು ಸ್ವಲ್ಪ ಹೊತ್ತು ಕಾದು ನೋಡಿ: ಗಡ್ಡ ಮಡಚಿಕೊಂಡು, ಖಾಲಿ ನೊರೆಯ ಕೆಳಗೆ ಹೋಗಿ, ಯಾವುದಾದರೂ ಜಾರಿತೇ ಎಂದು ಅದು ಮೇಲಕ್ಕೆ ನೋಡುತ್ತದೆ.